ಇಪ್ಪತ್ತು ಅಂಕದ ಅನುರಾಗ

ಬಿ.ಎಸ್ಸಿ. ನರ್ಸಿಂಗ್ ಪದವಿಗೆ ವಿದ್ಯಾರ್ಥಿಗಳನ್ನು ಹೇಗೆ ಆರಿಸಬೇಕು ಎಂಬುದಕ್ಕೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ 2020ರ ನಿಯಮಾವಳಿಯಲ್ಲಿ ಒಂದು ಪುಟ್ಟ ಪಟ್ಟಿಯಿದೆ. ಪ್ರವೇಶ ಪರೀಕ್ಷೆಗೆ ಒಟ್ಟು 100 ಅಂಕ. ಭೌತಶಾಸ್ತ್ರಕ್ಕೆ 20, ರಸಾಯನಶಾಸ್ತ್ರಕ್ಕೆ 20, ಜೀವಶಾಸ್ತ್ರಕ್ಕೆ 20, ಇಂಗ್ಲಿಷಿಗೆ 20. ಉಳಿದ 20 ಅಂಕ 'ಆಪ್ಟಿಟ್ಯೂಡ್ ಫಾರ್ ನರ್ಸಿಂಗ್' ಎಂಬುದಕ್ಕೆ. ಇದನ್ನು ಕನ್ನಡದಲ್ಲಿ ಏನೆನ್ನಬೇಕು? ಶುಶ್ರೂಷೆಯ ಒಲವು ಎನ್ನಬಹುದು, ಆ ಕೆಲಸಕ್ಕೆ ಬೇಕಾದ ಮನೋಧರ್ಮ ಎನ್ನಬಹುದು. ಹೆಸರು ಏನೇ ಇರಲಿ, ಹದಿನೇಳು ತುಂಬಿದ ಹುಡುಗ ಹುಡುಗಿಯರಲ್ಲಿ ಅದು ಇದೆಯೋ ಇಲ್ಲವೋ ಎಂದು ಇಪ್ಪತ್ತು ಅಂಕಗಳಲ್ಲಿ ಅಳೆಯಬಹುದು ಎಂದು ನಮ್ಮ ದೇಶ ಕಾಗದದ ಮೇಲೆ ಒಪ್ಪಿಕೊಂಡಿದೆ. ಹಾಗೆ ಅಳೆಯಲು ಸಾಧ್ಯವೇ, ಸಾಧ್ಯವಿದ್ದರೂ ಅಳೆಯುವ ಹಕ್ಕು ಯಾರಿಗಿದೆ ಎಂಬುದು ಈ ಬರಹದ ಪ್ರಶ್ನೆ.

ಈ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಅಕ್ಕನ ಮಗಳ ದೆಸೆಯಿಂದ. ಸಾಗರದಲ್ಲಿ ಪಿಯುಸಿ ಮುಗಿಸಿದ ಅವಳು ನರ್ಸಿಂಗ್ ಸೇರುತ್ತೇನೆಂದು ಪಟ್ಟು ಹಿಡಿದಿದ್ದಳು. ಭಾವನಿಗೆ ಇಷ್ಟವಿರಲಿಲ್ಲ. "ನೀನು ಅಷ್ಟು ಜನರನ್ನ ಇಂಟರ್‌ವ್ಯೂ ಮಾಡ್ತೀಯಲ್ಲ, ಅವಳಿಗೆ ಅದು ಆಗಿಬರುತ್ತಾ ಅಂತ ನೋಡಿ ಹೇಳು ಮಾರಾಯ" ಎಂದು ಅಕ್ಕ ಫೋನ್ ಮಾಡಿದಳು. ಪವಾಯಿಯ ಆಫೀಸಿನಲ್ಲಿ ಕೂತು ವರ್ಷಕ್ಕೆ ಐವತ್ತು ಅರವತ್ತು ಜನರನ್ನು ಇಂಟರ್‌ವ್ಯೂ ಮಾಡುವ ತಮ್ಮನಿಗೆ ಯಾರು ಯಾವ ಕೆಲಸಕ್ಕೆ ಆಗಿಬರುತ್ತಾರೆಂಬುದು ತಿಳಿದಿರುತ್ತದೆ ಎಂಬುದು ಅವಳ ನಂಬಿಕೆ. ಆ ನಂಬಿಕೆ ಎಷ್ಟು ದುರ್ಬಲವಾದದ್ದೆಂಬುದು ನನ್ನ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಅಕ್ಕ ಬಳಸಿದ 'ಆಗಿಬರುವುದು' ಎಂಬ ಮಾತು ಮಾತ್ರ ನನ್ನಲ್ಲಿ ಉಳಿದುಕೊಂಡಿತು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ವ್ಯವಸ್ಥೆ ಏನು ಕೇಳುತ್ತದೆ ನೋಡೋಣ. ಕನಿಷ್ಠ ವಯಸ್ಸು 17. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 40 ಅಂಕ. ದೇಹದ ಆರೋಗ್ಯ ಸರಿಯಿರಬೇಕು. ಕರ್ನಾಟಕದಲ್ಲಿ ಈಗ ಈ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಅಲ್ಲಿ ಕೇಳುವುದು ವಿಜ್ಞಾನದ ಪ್ರಶ್ನೆಗಳನ್ನೇ. ಮಹಾರಾಷ್ಟ್ರದಲ್ಲಿ ನರ್ಸಿಂಗ್‌ಗೇ ಪ್ರತ್ಯೇಕ ಸಿಇಟಿ ಇದೆ, ಅದರಲ್ಲಿ ಆ ಐದನೆಯ ಭಾಗವೂ ಇದೆ. 2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಪ್ರವೇಶಕ್ಕೆ ಏಕರೂಪದ ಪದ್ಧತಿ ತರಬೇಕೆನ್ನುತ್ತದೆ. ಅಂದರೆ ಯಾರನ್ನು ಆರಿಸಬೇಕು ಎಂಬ ಪ್ರಶ್ನೆ ಮುಂದಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಒಂದೇ ಸಲ ಎದುರಾಗಲಿದೆ.

ಒಲವನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಗೆ ಕೇಳುವುದು? ನಾವೇ ಒಂದು ಪ್ರಶ್ನೆ ಬರೆದು ನೋಡೋಣ. 'ರಾತ್ರಿ ಪಾಳಿಯಲ್ಲಿ ಒಬ್ಬ ವೃದ್ಧ ರೋಗಿ ಹತ್ತನೆಯ ಸಲ ಬೆಲ್ ಒತ್ತುತ್ತಾರೆ. ನೀವು ಏನು ಮಾಡುತ್ತೀರಿ? ಅ) ಬೆಲ್ ಆಫ್ ಮಾಡುತ್ತೇನೆ. ಆ) ಗದರಿಸುತ್ತೇನೆ. ಇ) ಹೋಗಿ ಏನು ಬೇಕೆಂದು ವಿಚಾರಿಸುತ್ತೇನೆ. ಈ) ಬೇರೆಯವರನ್ನು ಕಳಿಸುತ್ತೇನೆ.' ಸರಿಯುತ್ತರ ಯಾರಿಗೆ ಗೊತ್ತಿಲ್ಲ? ಬೆಲ್ ಆಫ್ ಮಾಡುವವರೂ ಪರೀಕ್ಷೆಯಲ್ಲಿ 'ಇ' ಎಂದೇ ಗುರುತು ಹಾಕುತ್ತಾರೆ. ಕರುಣೆ ಹೊರಗಿನಿಂದ ಹೇಗೆ ಕಾಣುತ್ತದೆ ಎಂಬ ತಿಳಿವಳಿಕೆಯನ್ನು ಈ ಪ್ರಶ್ನೆ ಅಳೆಯುತ್ತದೆ. ಕರುಣೆ ಇದೆಯೇ ಎಂಬುದನ್ನಲ್ಲ. ಆ ತಿಳಿವಳಿಕೆಯೂ ಬೇಕು, ನಿಜ. ಆದರೆ ಅದಕ್ಕೆ ಗೈಡ್ ಪುಸ್ತಕ ಸಾಕು.

ಹಾಗಾದರೆ ಒಲವಿನ ಮಾತನ್ನೇ ಬಿಟ್ಟುಬಿಡಬಹುದಲ್ಲ, ಅಂಕ ನೋಡಿ ಸೀಟು ಕೊಟ್ಟರಾಯಿತು ಎನ್ನಬಹುದು. ಆದರೆ ಹಾಸಿಗೆ ಹಿಡಿದ ಯಾರೂ ಹಾಗೆನ್ನಲಾರರು. ಎರಡು ವರ್ಷದ ಹಿಂದೆ ಅಮ್ಮನ ಸೊಂಟದ ಮೂಳೆ ಮುರಿದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ರಾತ್ರಿ ಇದ್ದೆವು. ಇಬ್ಬರು ಸಿಸ್ಟರ್‌ಗಳು ಸರದಿಯಲ್ಲಿ ಬರುತ್ತಿದ್ದರು. ಒಬ್ಬರ ಕೈ ಬಹಳ ಚುರುಕು. ಅಮ್ಮನ ಸಣ್ಣ ನರ ಒಂದೇ ಸಲಕ್ಕೆ ಸಿಗುತ್ತಿತ್ತು, ಚಾರ್ಟ್ ಬರೆದದ್ದು ಅಚ್ಚಿನಂತಿರುತ್ತಿತ್ತು, ಆದರೆ ಮುಖ ಎತ್ತಿ ನೋಡುತ್ತಿದ್ದದ್ದು ಕಡಿಮೆ. ಇನ್ನೊಬ್ಬರು ಎರಡು ಮೂರು ಕಡೆ ಚುಚ್ಚುತ್ತಿದ್ದರು. ಆದರೆ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದೆಂದು ತಿಳಿದ ಮೇಲೆ 'ನೀರು', 'ನೋವು', 'ಸಾಕು' ಎಂಬ ಮೂರು ಶಬ್ದ ಕಲಿತುಕೊಂಡು ಬಂದಿದ್ದರು. ಇವರಿಬ್ಬರಲ್ಲಿ ಯಾರಿಗೆ ಸೀಟು ಕೊಡಬೇಕಿತ್ತು? ನಾನು ಅಮ್ಮನನ್ನೇ ಕೇಳಿದೆ. "ಚುಚ್ಚೋದಕ್ಕೆ ಆ ಹುಡುಗಿ ಬರಲಿ, ಕರೆದಾಗ ಈ ಹುಡುಗಿ ಬರಲಿ" ಎಂದಳು. ರೋಗಿಗೆ ಎರಡೂ ಬೇಕು. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ.

ಇದು ಹೊಸ ಕಾಣ್ಕೆಯೇನಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣ. ಪರಿಚಾರಕರಿಗೆ ಹೇಳಿದ ಗುಣಗಳು ಇವು: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಇದೊಂದು ಹಳೆಯ ಕಾಲದ ಜಾಬ್ ಡಿಸ್ಕ್ರಿಪ್ಶನ್ ಎಂದುಕೊಂಡು ನೋಡಿ. ನಾಲ್ಕರಲ್ಲಿ ಮೂರನ್ನು ಕಲಿಸಬಹುದು, ಪರೀಕ್ಷಿಸಲೂಬಹುದು. ತಿಳಿವಳಿಕೆಗೆ ಲಿಖಿತ ಪರೀಕ್ಷೆ, ದಕ್ಷತೆಗೆ ಪ್ರಾಕ್ಟಿಕಲ್, ಶುಚಿತ್ವಕ್ಕೆ ಮೇಲ್ವಿಚಾರಕರ ಕಣ್ಣು. ಅನುರಾಗ ಒಂದೇ ಕೈಗೆ ಸಿಗದೆ ಉಳಿಯುವುದು. ಆ ಇಪ್ಪತ್ತು ಅಂಕ ಇಟ್ಟಿರುವುದು ಅದಕ್ಕೇ.

ನಮ್ಮ ಭಾಷೆಯಲ್ಲಿ ಈ ವೃತ್ತಿಗೆ ಇಟ್ಟ ಹೆಸರೂ ಗಮನಿಸುವಂಥದ್ದು. ಶುಶ್ರೂಷೆ ಎಂದರೆ ಈಗ ನಮಗೆ ರೋಗಿಯ ಆರೈಕೆ. ಮೂಲದಲ್ಲಿ ಅದು 'ಶ್ರು' ಎಂಬ ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೊದಲ ಅರ್ಥ. ಕೇಳುವ ಇಚ್ಛೆಯಿಂದ ವಿಧೇಯತೆ, ವಿಧೇಯತೆಯಿಂದ ಸೇವೆ, ಸೇವೆಯಿಂದ ಆರೈಕೆ ಎಂದು ಅರ್ಥ ಬೆಳೆದಿದೆ. ನಡುವಿನ ವಿಧೇಯತೆ, ಸೇವೆಗಳನ್ನು ಸಮಾಜ ಬಿಗಿಯಾಗಿ ಹಿಡಿದುಕೊಂಡು, ಮೊದಲಿನ ಕೇಳುವಿಕೆಯನ್ನು ಮರೆತಿದೆ ಎಂದು ನನಗನಿಸುತ್ತದೆ. ಆಯ್ಕೆಯ ಚರ್ಚೆಯಲ್ಲಿ ಈ ವ್ಯತ್ಯಾಸ ಮುಖ್ಯ. ವಿಧೇಯರಾದವರನ್ನು ಹುಡುಕುವುದು ಸುಲಭ, ಕೇಳಿಸಿಕೊಳ್ಳುವವರನ್ನು ಹುಡುಕುವುದು ಕಷ್ಟ.

ಹುಡುಕಲು ಪ್ರಯತ್ನಿಸಿದವರಿದ್ದಾರೆ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರ ನಡುವೆ ರೋಗಿಗಳನ್ನು ಘೋರವಾಗಿ ನಿರ್ಲಕ್ಷಿಸಿದ ಪ್ರಕರಣದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆದು, 2013ರ ಫೆಬ್ರವರಿಯಲ್ಲಿ ವರದಿ ಬಂತು. 290 ಶಿಫಾರಸುಗಳಲ್ಲಿ ಒಂದು, ನರ್ಸಿಂಗ್ ಸೇರುವವರ ಕಾಳಜಿ ಮತ್ತು ಸಹಾನುಭೂತಿಯನ್ನು ಮೊದಲೇ ಪರೀಕ್ಷಿಸಬೇಕು ಎಂಬುದು. ಆಮೇಲೆ ಅಲ್ಲಿ 'ಮೌಲ್ಯಾಧಾರಿತ ಆಯ್ಕೆ' ಎಂಬ ಪದ್ಧತಿ ಜಾರಿಗೆ ಬಂತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಒಂದು ಕ್ರಮವನ್ನೂ ಹಲವು ನರ್ಸಿಂಗ್ ಕಾಲೇಜುಗಳು ಬಳಸುತ್ತವೆ. ಒಂದು ದೊಡ್ಡ ಇಂಟರ್‌ವ್ಯೂ ಬದಲು ಹಲವು ಪುಟ್ಟ ಇಂಟರ್‌ವ್ಯೂಗಳು. ಕೋಣೆಯಿಂದ ಕೋಣೆಗೆ ಹೋಗಬೇಕು, ಪ್ರತಿ ಕೋಣೆಯಲ್ಲೂ ಕೆಲವೇ ನಿಮಿಷ, ಬೇರೆ ಬೇರೆ ಪರೀಕ್ಷಕರು, ಬೇರೆ ಬೇರೆ ಸನ್ನಿವೇಶ. ಒಬ್ಬ ಪರೀಕ್ಷಕನ ಇಷ್ಟಾನಿಷ್ಟ ಇಡೀ ಭವಿಷ್ಯವನ್ನು ನಿರ್ಧರಿಸದಂತೆ ಮಾಡುವ ಒಳ್ಳೆಯ ಉಪಾಯ ಇದು.

ಉಪಾಯ ಒಳ್ಳೆಯದೇ. ಆದರೂ ಎರಡು ಅನುಮಾನಗಳಿವೆ. ಮೊದಲನೆಯದು ನನ್ನ ಕೆಲಸದಿಂದ ಬಂದದ್ದು. ಐಟಿ ಕಂಪನಿಗಳಲ್ಲಿ ನಾವೂ ಇಂಥ ಪ್ರಶ್ನೆ ಕೇಳುತ್ತೇವೆ. 'ತಂಡದಲ್ಲಿ ಜಗಳವಾದಾಗ ನೀವು ಹೇಗೆ ನಿಭಾಯಿಸಿದಿರಿ, ಒಂದು ಉದಾಹರಣೆ ಕೊಡಿ' ಎನ್ನುತ್ತೇವೆ. ಉತ್ತರಗಳು ಈಗ ಎಷ್ಟು ನಯವಾಗಿರುತ್ತವೆಂದರೆ, ಎಲ್ಲರೂ ಒಂದೇ ಜಗಳವನ್ನು ಒಂದೇ ರೀತಿ ಬಗೆಹರಿಸಿದವರಂತೆ ಕಾಣುತ್ತಾರೆ. ಕೋಚಿಂಗ್ ಇಲ್ಲದ ಹುಡುಗ ತಡವರಿಸುತ್ತಾನೆ. ತಡವರಿಸಿದವನೇ ಬಹುಶಃ ನಿಜವಾದ ಜಗಳವನ್ನು ನೆನಪಿಸಿಕೊಳ್ಳುತ್ತಿರುತ್ತಾನೆ. ಇದನ್ನೇ ನರ್ಸಿಂಗ್‌ಗೆ ಅನ್ವಯಿಸಿ ನೋಡಿ. ಹಾಸಿಗೆ ಹಿಡಿದ ಅಜ್ಜಿಯ ಮಲಮೂತ್ರ ತೆಗೆದು, ಸ್ನಾನ ಮಾಡಿಸಿ, ಆಮೇಲೆ ಕಾಲೇಜಿಗೆ ಹೋಗುತ್ತಿದ್ದ ರಾಯಚೂರಿನ ಹಳ್ಳಿಯ ಹುಡುಗಿಗೆ 'ಎಂಪಥಿ' ಎಂಬ ಶಬ್ದ ಗೊತ್ತಿಲ್ಲದಿರಬಹುದು. ಅಜ್ಜಿಯ ವಿಷಯ ಹೇಳಿಕೊಳ್ಳುವಂಥದ್ದೆಂದೂ ಅವಳಿಗೆ ಅನಿಸುವುದಿಲ್ಲ. ನಮ್ಮ ಪವಾಯಿಯ ಶಾಲೆಯಲ್ಲಿ ಓದಿ, ರಜೆಯಲ್ಲಿ ವೃದ್ಧಾಶ್ರಮಕ್ಕೆ ಎರಡು ಸಲ ಹೋಗಿ ಸರ್ಟಿಫಿಕೇಟ್ ತಂದ ಮಗುವಿಗೆ ಆ ಶಬ್ದ ಚೆನ್ನಾಗಿ ಗೊತ್ತು. ಮನಸ್ಸನ್ನು ಅಳೆಯಲು ಹೊರಟ ಇಂಟರ್‌ವ್ಯೂ ಕೊನೆಗೆ ಮಾತನ್ನೇ ಅಳೆಯುತ್ತದೆ.

ಎರಡನೆಯ ಅನುಮಾನ ಇತಿಹಾಸದಿಂದ ಬಂದದ್ದು. ಈ ವೃತ್ತಿಯಲ್ಲಿ 'ಯೋಗ್ಯರು' ಎಂಬ ಶಬ್ದವನ್ನು ಬಳಸಿದವರು ಅದರೊಳಗೆ ಏನೇನನ್ನು ತುಂಬಿದ್ದರು ನೋಡಿ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ದಾದಿಯರನ್ನು ಕಳಿಸುವಾಗ, ಕಾಲರಾ ರೋಗಿಗಳನ್ನು ನೋಡಿಕೊಂಡ ಅನುಭವವಿದ್ದ ಜಮೈಕಾದ ಮೇರಿ ಸೀಕೋಲ್ ಲಂಡನ್ನಿಗೆ ಬಂದು ಅವಕಾಶ ಕೇಳಿದರು. ಆರಿಸಲಿಲ್ಲ. ಚರ್ಮದ ಬಣ್ಣವೇ ಕಾರಣವಿರಬಹುದೆಂಬ ಸಂಶಯವನ್ನು ಅವರು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಸ್ವಂತ ಖರ್ಚಿನಲ್ಲಿ ಹೋಗಿ ಬಾಲಾಕ್ಲಾವಾ ಬಳಿ ಸೈನಿಕರ ಸೇವೆ ಮಾಡಿದರು. ನಮ್ಮ ದೇಶಕ್ಕೆ ಬಂದರೆ, ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಸೆಲಿನಾ ಜಾನ್ ಅವರನ್ನು 1988ರಲ್ಲಿ ಕೆಲಸದಿಂದ ತೆಗೆದರು. ಕಾರಣ, ಅವರು ಮದುವೆಯಾದದ್ದು. ಅದು ತಪ್ಪೆಂದು ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡಿಸುವಾಗ 2024ರ ಫೆಬ್ರವರಿ ಬಂದಿತ್ತು. ಇನ್ನು ಜಾತಿಯ ಮಾತು. ಪರರ ರಕ್ತ, ಕೀವು, ಮಲ ಮುಟ್ಟುವುದು ಮೈಲಿಗೆ ಎಂದು ನಂಬಿದ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಬಹುಕಾಲ ಈ ಕೆಲಸಕ್ಕೆ ಕಳಿಸಲೇ ಇಲ್ಲ. ನರ್ಸಿಂಗ್ ಇತಿಹಾಸದ ಪುಸ್ತಕಗಳ ಪ್ರಕಾರ ಬಾಯಿ ಕಾಶೀಬಾಯಿ ಗಣಪತ್ ಎಂಬುವರು 1891ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ತರಬೇತಿಗೆ ಬಂದ ಮೊದಲ ಭಾರತೀಯ ದಾದಿ. ಅವರು ಆ ಬಾಗಿಲು ದಾಟುವಾಗ ಎಷ್ಟು ಜನರ ಕಣ್ಣಿನಲ್ಲಿ 'ಯೋಗ್ಯ'ರಾಗಿದ್ದಿರಬಹುದು?

ಆದ್ದರಿಂದ ಅಂಕಪಟ್ಟಿಯನ್ನು ನಾವು ಬೈಯುವಾಗ ಸ್ವಲ್ಪ ತಾಳಬೇಕು. ಅದು ಕುರುಡು, ನಿಜ. ಆದರೆ ಅದೇ ಕುರುಡುತನದಿಂದ ಅದಕ್ಕೆ ಬಣ್ಣ ಕಾಣುವುದಿಲ್ಲ, ಜಾತಿ ಕಾಣುವುದಿಲ್ಲ, ಅಪ್ಪನ ಹೆಸರು ಕಾಣುವುದಿಲ್ಲ. ಹೃದಯ ನೋಡಿ ಆರಿಸುತ್ತೇವೆ ಎನ್ನುವವರಿಗೆ ಇವೆಲ್ಲ ಕಾಣುತ್ತವೆ. ಇದು ಈ ಪ್ರಶ್ನೆಯ ನಿಜವಾದ ತೊಡಕು: ಯಾವುದು ಮುಖ್ಯವೋ ಅದು ಅಳತೆಗೆ ಸಿಗುವುದಿಲ್ಲ; ಅಳತೆಯಿಲ್ಲದೆ ಆರಿಸುವ ಅಧಿಕಾರ ಕೊಟ್ಟರೆ ಆರಿಸುವವರ ಪೂರ್ವಗ್ರಹ ಒಳಗೆ ಬರುತ್ತದೆ. ಹಾಗೆಂದು ಅಂಕಕ್ಕೆ ಅತಿ ಮಹತ್ವ ಕೊಡಬೇಕಿಲ್ಲ. 62 ಅಂಕದವಳು ಒಳಗೆ, 61 ಅಂಕದವಳು ಹೊರಗೆ ಎಂದಾಗ ಆ ಒಂದು ಅಂಕ ಅವರಿಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ದಶಕಗಳ ಕಾಲ ವೈದ್ಯಕೀಯ ಸೀಟುಗಳನ್ನು, ಅಂಕಕ್ಕೆ ತಕ್ಕಂತೆ ಅವಕಾಶ ಹೆಚ್ಚು ಕಡಿಮೆ ಮಾಡಿ, ಲಾಟರಿ ಎತ್ತಿ ಕೊಡುತ್ತಿದ್ದರು. ಕೇಳಲು ವಿಚಿತ್ರ. ಆದರೆ ಅದರಲ್ಲೊಂದು ಪ್ರಾಮಾಣಿಕತೆಯಿದೆ: ಒಂದು ಮಟ್ಟದ ಮೇಲೆ ಯಾರು ಹೆಚ್ಚು ಯೋಗ್ಯರೆಂದು ನಮಗೆ ತಿಳಿಯದು ಎಂಬ ಒಪ್ಪಿಗೆ.

ಈಗ ಉದ್ದೇಶದ ಮಾತಿಗೆ ಬರೋಣ. ಒಳ್ಳೆಯ ಅಭ್ಯರ್ಥಿಗೆ ಸೇವಾಭಾವ ಇರಬೇಕು, ಹಣಕ್ಕಾಗಿ ಬಂದವರು ಬೇಡ ಎಂಬ ವಾದ ನಮ್ಮಲ್ಲಿ ಬಹಳ ಗಟ್ಟಿ. ನನ್ನ ಸೊಸೆಯನ್ನು, ಅಂದರೆ ಅಕ್ಕನ ಮಗಳನ್ನು, "ಯಾಕೆ ನರ್ಸಿಂಗೇ ಬೇಕು ಪುಟ್ಟಿ?" ಎಂದು ಕೇಳಿದ್ದೆ. "ಮಾಮ, ನಾಲ್ಕು ವರ್ಷ ಓದಿದರೆ ಕೆಲಸ ಖಾತ್ರಿ. ಜರ್ಮನ್ ಕಲಿತರೆ ಅಲ್ಲಿಗೂ ಹೋಗಬಹುದು" ಎಂದಳು. ಇಂಟರ್‌ವ್ಯೂನಲ್ಲಿ ಹೀಗೆ ಹೇಳಿದರೆ ಇವಳಿಗೆ ಎಷ್ಟು ಅಂಕ ಬರಬಹುದು? ಆದರೆ ನೀವು ಮತ್ತು ನಾನು ಯಾಕೆ ಎಂಜಿನಿಯರಿಂಗ್ ಸೇರಿದ್ದು? ಎಂ.ಟೆಕ್‌ಗೆ ಸೀಟು ಕೊಡುವಾಗ ನನಗೆ ಕಂಪೈಲರ್ ಮೇಲೆ ಅನುರಾಗವಿದೆಯೇ ಎಂದು ಯಾರೂ ಕೇಳಲಿಲ್ಲ. ಸಂಬಳಕ್ಕಾಗಿ ಬಂದ ಎಂಜಿನಿಯರ್ ಸಹಜ, ಸಂಬಳಕ್ಕಾಗಿ ಬಂದ ನರ್ಸ್ ಮಾತ್ರ ಅನುಮಾನಾಸ್ಪದ. ಸೇವೆ ಎಂಬ ಶಬ್ದವನ್ನು ನಾವು ಹೊಗಳಿಕೆಯಾಗಿ ಬಳಸಿ, ಅದನ್ನೇ ಸಂಬಳ ಇಳಿಸಲು ನೆಪ ಮಾಡಿಕೊಂಡಿದ್ದೇವೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರಲ್ಲಿ ಕೇಂದ್ರದ ಸಮಿತಿಯೊಂದು ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಶಿಫಾರಸು ಮಾಡಬೇಕಾಯಿತು. ನಾಲ್ಕು ವರ್ಷದ ಪದವಿ ಪಡೆದವರಿಗೆ ಅಷ್ಟಾದರೂ ಕೊಡಿ ಎಂದು ಹೇಳಬೇಕಾದ ಸ್ಥಿತಿ ಇತ್ತೆಂಬುದೇ ಸಾಕಷ್ಟು ಹೇಳುತ್ತದೆ.

ಊರು ಬಿಟ್ಟು ಬಂದ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. ಸಂಜೆ ಹೀರಾನಂದಾನಿ ಗಾರ್ಡನ್ಸ್‌ನ ಫುಟ್‌ಪಾತಿನಲ್ಲಿ ನಡೆದರೆ ಗಾಲಿಕುರ್ಚಿ ತಳ್ಳುವ, ವಯಸ್ಸಾದವರ ಕೈ ಹಿಡಿದು ನಡೆಸುವ ಹುಡುಗಿಯರು ಸಾಲಾಗಿ ಸಿಗುತ್ತಾರೆ. ಊರಿನಲ್ಲಿ ನಮ್ಮ ಅಪ್ಪ ಅಮ್ಮಂದಿರ ಪಕ್ಕದಲ್ಲೂ ಇಂಥ ಒಬ್ಬರು ಇದ್ದಾರೆ, ಇಲ್ಲವೇ ಇನ್ನು ಕೆಲವು ವರ್ಷಗಳಲ್ಲಿ ಬರಲಿದ್ದಾರೆ. ನಾವು ಕೊಡಲಾಗದ ಸಮಯವನ್ನು ಅವರಿಂದ ಕೊಳ್ಳುತ್ತಿದ್ದೇವೆ. ಅದೇ ನಮ್ಮ ಮನೆಗಳಲ್ಲಿ ಹುಡುಗನಿಗೆ ಹೆಣ್ಣು ನೋಡುವಾಗ "ನರ್ಸ್ ಬೇಡಪ್ಪ, ನೈಟ್ ಡ್ಯೂಟಿ ಇರುತ್ತೆ" ಎನ್ನುತ್ತೇವೆ. ಭಾವನ ವಿರೋಧದ ಬೇರು ಇದ್ದದ್ದೂ ಅಲ್ಲೇ. ಅಮ್ಮನ ಹಾಸಿಗೆಯ ಪಕ್ಕ ರಾತ್ರಿಯಿಡೀ ಎಚ್ಚರವಿರಲು ಯೋಗ್ಯಳಾದವಳು ಅದೇ ಅಮ್ಮನ ಸೊಸೆಯಾಗಲು ಯೋಗ್ಯಳಲ್ಲ! ಅಭ್ಯರ್ಥಿಗಳ ಮನೋಧರ್ಮ ಅಳೆಯುವ ಮೊದಲು ಈ ಸಮಾಜದ ಮನೋಧರ್ಮಕ್ಕೆ ಇಪ್ಪತ್ತರಲ್ಲಿ ಎಷ್ಟು ಬರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಅನುರಾಗ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತಿ ದೊಡ್ಡ ಉತ್ತರ ಇದೇ ಮುಂಬಯಿಯ ಪರೇಲಿನಲ್ಲಿದೆ, ಅದು ಕನ್ನಡ ನಾಡಿಗೂ ಸೇರಿದ್ದು. ಉತ್ತರ ಕನ್ನಡದ ಹಳದೀಪುರದಿಂದ ನರ್ಸ್ ಆಗಲು ಈ ಊರಿಗೆ ಬಂದ ಅರುಣಾ ಶಾನಭಾಗ ಅವರು ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ, ಅಲ್ಲಿಯೇ ಕೆಲಸಕ್ಕಿದ್ದವನೊಬ್ಬ ಅವರ ಮೇಲೆ ದಾಳಿ ಮಾಡಿದ. ಆಗ ಅವರಿಗೆ 25 ವರ್ಷ. ಮಿದುಳಿಗೆ ಆದ ಹಾನಿಯಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದರು. ಅವರನ್ನು ಅಲ್ಲಿಂದ ಸಾಗಿಸಲು ನಗರಪಾಲಿಕೆ 1980ರ ದಶಕದಲ್ಲಿ ಮುಂದಾದಾಗ ನರ್ಸ್‌ಗಳು ವಿರೋಧಿಸಿ ತಡೆದರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡದ್ದು ಎಲ್ಲರೂ ಬೆರಗಿನಿಂದ ಹೇಳಿದ ಸಂಗತಿ. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯದ್ದು ಎಂದಿತು.

ದಯಾಮರಣದ ಚರ್ಚೆಯಲ್ಲಿ ಈ ಪ್ರಕರಣ ಎಲ್ಲರಿಗೂ ಪರಿಚಿತ. ನಾನು ಅದನ್ನು ಬೇರೊಂದು ಕಡೆಯಿಂದ ನೋಡುತ್ತಿದ್ದೇನೆ. ಹಾಸಿಗೆ ಹುಣ್ಣು ಆಗಬಾರದೆಂದರೆ ಮೈಯನ್ನು ಹೊತ್ತು ಹೊತ್ತಿಗೆ ಹೊರಳಿಸಬೇಕು, ಒರೆಸಬೇಕು, ಒಣಗಿಸಬೇಕು. ದಿನಕ್ಕೆ ಹಲವು ಸಲ, 42 ವರ್ಷ. ಅದನ್ನು ಮಾಡಿದವರು ಒಬ್ಬಿಬ್ಬರು ಮಹಾತಾಯಿಯರಲ್ಲ. ಬರುತ್ತಾ, ನಿವೃತ್ತರಾಗುತ್ತಾ ಹೋದ ತಲೆಮಾರುಗಳು. ಕೊನೆಕೊನೆಗೆ ನೋಡಿಕೊಂಡವರಲ್ಲಿ ಎಷ್ಟೋ ಜನ 1973ರಲ್ಲಿ ಹುಟ್ಟಿರಲೂ ಇಲ್ಲ. ಅವರೆಲ್ಲ ಬಂದದ್ದು ಒಂದು ಸಂಬಳದ ಕೆಲಸಕ್ಕೆ. 42 ವರ್ಷದ ತಾಳ್ಮೆ ಇದೆಯೇ ಎಂದು ಯಾವ ಪರೀಕ್ಷೆಯೂ ಅವರನ್ನು ಮೊದಲೇ ಕೇಳಿರಲಿಲ್ಲ, ಕೇಳಿದ್ದರೆ ಇದೆ ಎನ್ನಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ. ಆ ತಾಳ್ಮೆ ವಾರ್ಡಿನ ರೂಢಿಯಾಗಿತ್ತು. ಹಿರಿಯರು ಮಾಡುವುದನ್ನು ಕಂಡು ಕಿರಿಯರು ಮಾಡಿದರು, 'ಇವರು ನಮ್ಮವರು' ಎಂಬ ಮಾತಿನ ಜೊತೆಗೇ ಕೆಲಸ ಕೈಯಿಂದ ಕೈಗೆ ಬಂತು. ಹಾಗಾಗಿ ಅನುರಾಗವನ್ನು ಅಭ್ಯರ್ಥಿ ಮನೆಯಿಂದ ಗಂಟು ಕಟ್ಟಿ ತರುವ ಆಸ್ತಿಯೆಂದು ತಿಳಿಯುವುದಕ್ಕಿಂತ, ಕೂಡಿ ಮಾಡುವ ಕೆಲಸದಲ್ಲಿ ಬೆಳೆಯುವ ಅಭ್ಯಾಸವೆಂದು ತಿಳಿಯುವುದು ಸರಿ ಎಂದು ನನಗೆ ತೋರುತ್ತದೆ.

ಇದೇ ಕತೆಯ ಇನ್ನೊಂದು ಮುಖವನ್ನೂ ನೋಡಬೇಕು. ಅರುಣಾ ಅವರೂ ಒಬ್ಬ ಆಯ್ಕೆಯಾದ ಅಭ್ಯರ್ಥಿಯೇ. ಆ ಕೆಲಸಕ್ಕೆ ಅವರು ಯೋಗ್ಯರಾಗಿದ್ದರು. ಬಟ್ಟೆ ಬದಲಿಸಲು ಸುರಕ್ಷಿತ ಜಾಗವಿಲ್ಲದ ಕೆಲಸದ ಜಾಗ ಅವರಿಗೆ ಯೋಗ್ಯವಾಗಿತ್ತೇ? ಸ್ಟಾಫರ್ಡ್‌ನಲ್ಲೂ ಹೀಗೆಯೇ. ನಿರ್ದಯಿಗಳು ಒಟ್ಟಾಗಿ ಅಲ್ಲಿ ಕೆಲಸಕ್ಕೆ ಸೇರಿದ್ದರೆಂದಲ್ಲ. ಹಣ ಉಳಿಸಲು ಸಿಬ್ಬಂದಿ ಕಡಿತ ಮಾಡಿದ್ದರು, ಗುರಿ ಸಂಖ್ಯೆಗಳ ಹಿಂದೆ ಆಡಳಿತ ಓಡುತ್ತಿತ್ತು. ನಮ್ಮ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಅಮ್ಮನ ಚಾರ್ಟ್ ಬರೆಯುತ್ತಿದ್ದ ಆ ಚುರುಕು ಕೈಯ ಸಿಸ್ಟರ್ ಕೆಲವು ರಾತ್ರಿ ಹದಿನೈದು ಹಾಸಿಗೆಗಳನ್ನು ಒಬ್ಬರೇ ನೋಡುತ್ತಿದ್ದರು. ಹದಿನೈದು ಮುಖ ಎತ್ತಿ ನೋಡಲು ರಾತ್ರಿ ಸಾಲುತ್ತಿರಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ತೆರೆದಿಟ್ಟು ಯಾರು ಬಂದರೂ ಸೇರಿಸಿಕೊಳ್ಳಿ ಎನ್ನಲಾಗದು. ಔಷಧದ ಪ್ರಮಾಣ ಲೆಕ್ಕ ಹಾಕಲು ಬಾರದವರ ಒಳ್ಳೆಯತನ ರೋಗಿಯನ್ನು ಉಳಿಸುವುದಿಲ್ಲ. ಒಂದು ಕನಿಷ್ಠ ಮಟ್ಟವನ್ನು ಪರೀಕ್ಷೆ ಕಾಯಲಿ. ಸೀಟು ಖಾಲಿ ಉಳಿಯಿತೆಂದು ಆ ಮಟ್ಟವನ್ನು ಇಳಿಸುವುದು ಬೇಡ. ಮಟ್ಟ ದಾಟಿದವರಲ್ಲಿ ಹೃದಯ ಯಾರದ್ದು ದೊಡ್ಡದೆಂದು ಅರ್ಧ ದಿನದಲ್ಲಿ ತೂಗುವ ಬದಲು, ಕಾಲಕ್ಕೆ ಆ ಕೆಲಸ ಬಿಡಬಹುದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ತರಬೇತಿ ಶಾಲೆ ಶುರುವಾದಾಗ ಪ್ರತಿ ವಿದ್ಯಾರ್ಥಿನಿಯ ಬಗ್ಗೆ ತಿಂಗಳು ತಿಂಗಳು ಒಂದು ಹಾಳೆ ತುಂಬುತ್ತಿದ್ದರು: ಸಮಯಪಾಲನೆ, ಮೌನ, ನಂಬಿಕೆಗೆ ಅರ್ಹತೆ, ಶುಚಿತ್ವ, ವಾರ್ಡಿನ ನಿರ್ವಹಣೆ, ಅಚ್ಚುಕಟ್ಟು. ಆ ಹಾಳೆಯಲ್ಲಿ ವಿಕ್ಟೋರಿಯಾ ಕಾಲದ ಗತ್ತು ಇದೆ. ಆದರೆ ಅದರ ಹಿಂದಿನ ಬುದ್ಧಿ ಸರಿಯಾದದ್ದು: ಮನುಷ್ಯರನ್ನು ಬಾಗಿಲಲ್ಲಿ ನಿಲ್ಲಿಸಿ ಅಳೆಯಬೇಡ, ಕೆಲಸದಲ್ಲಿ ನೋಡು.

ನಮ್ಮ ಮುಂಬಯಿ ಕನ್ನಡಿಗರಿಗೆ ಇದು ಪರಿಚಿತ ಬುದ್ಧಿಯೇ. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ಇಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಬಂದ ಹುಡುಗನ ಓದಿನ ಒಲವು ಎಷ್ಟೆಂದು ಅಲ್ಲಿ ಯಾರೂ ಸಂದರ್ಶನ ಮಾಡಲಿಲ್ಲ. ದಿನವಿಡೀ ದುಡಿದು ರಾತ್ರಿ ಬೆಂಚಿನ ಮೇಲೆ ಬಂದು ಕೂರುವುದೇ ಪರೀಕ್ಷೆಯಾಗಿತ್ತು. ಬರುತ್ತಲೇ ಇದ್ದವರು ಪಾಸಾದರು.

ಇದನ್ನು ನರ್ಸಿಂಗ್‌ಗೆ ತಂದರೆ ಎರಡು ಕೆಲಸ ಆಗಬೇಕು. ಸೇರುವ ಮೊದಲೇ ಅಭ್ಯರ್ಥಿಗೆ ಕೆಲವು ದಿನ ವಾರ್ಡಿನಲ್ಲಿದ್ದು ನೋಡಲು ಅವಕಾಶ ಸಿಗಬೇಕು. ಆರಿಸುವವರು ಅವಳನ್ನು ನೋಡುವಂತೆ ಅವಳೂ ಈ ಕೆಲಸವನ್ನು ನೋಡಲಿ. ಸೇರಿದ ಮೇಲೆ ಮೊದಲ ವರ್ಷದಲ್ಲಿ ತನಗಿದು ಬೇಡವೆನಿಸಿದರೆ, ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಳ್ಳದೆ, ನಾಲ್ಕೂ ವರ್ಷದ ಶುಲ್ಕ ಕೇಳದೆ, ಮಾನದಿಂದ ಹೊರಗೆ ಹೋಗಲು ದಾರಿ ಇರಬೇಕು. ಹೊರಗೆ ಹೋಗುವ ದಾರಿಯಿಲ್ಲದ ಕಡೆ ಒಳಗೆ ಉಳಿದವರೆಲ್ಲ ಒಲಿದು ಉಳಿದವರೆಂದು ಹೇಳಲಾಗದು. ಜೊತೆಗೆ ಆ ತಿಂಗಳ ಹಾಳೆಯನ್ನು ವಿದ್ಯಾರ್ಥಿಯೂ ತುಂಬಲಿ, ಆಸ್ಪತ್ರೆಯ ಬಗ್ಗೆ: ಎಷ್ಟು ಹಾಸಿಗೆಗೆ ಎಷ್ಟು ಜನ ಇದ್ದರು, ತಪ್ಪಾದಾಗ ಕಲಿಸಿದರೋ ಬೈದರೋ, ರಾತ್ರಿ ಪಾಳಿ ಮುಗಿಸಿ ಹಾಸ್ಟೆಲಿಗೆ ಸುರಕ್ಷಿತವಾಗಿ ಹೋಗಲು ಆಯಿತೋ ಇಲ್ಲವೋ.

ಕೊನೆಯಲ್ಲಿ ಹೇಳುತ್ತೇನೆಂದ 'ಆಗಿಬರುವುದು' ಎಂಬ ಶಬ್ದ. 'ಯೋಗ್ಯತೆ' ಎಂದರೆ ಅದು ಒಬ್ಬರಲ್ಲಿ ಇರುವ ಅಥವಾ ಇಲ್ಲದ ಗುಣ. ಇಲ್ಲದಿದ್ದರೆ ಕೊರತೆ ಅವರದ್ದೇ. ಆದರೆ ಮುಂಬಯಿಯ ಹವೆ ನನಗೆ ಆಗಿಬರಲಿಲ್ಲ ಎಂದು ಊರಿಗೆ ಮರಳಿದವರನ್ನು ನಾವು ಅಯೋಗ್ಯರೆನ್ನುವುದಿಲ್ಲ. ಆಗಿಬರುವುದಕ್ಕೆ ಎರಡೂ ಕಡೆಯವರು ಬೇಕು, ಅದಕ್ಕೆ ಕಾಲವೂ ಬೇಕು. ಮೊದಲ ಮಳೆಗಾಲದಲ್ಲಿ ಆಗಿಬಾರದ ಊರು ಮೂರನೆಯ ಮಳೆಗಾಲಕ್ಕೆ ಆಗಿಬರುವುದುಂಟು, ಅಕ್ಕಪಕ್ಕದವರು ಒಳ್ಳೆಯವರಾಗಿದ್ದರೆ. ನರ್ಸಿಂಗ್ ಅಭ್ಯರ್ಥಿಗಳ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಈ ಶಬ್ದದಲ್ಲಿದೆ. ಈ ಹುಡುಗಿ ಆ ಕೆಲಸಕ್ಕೆ ಆಗಿಬರುತ್ತಾಳೆಯೇ ಎಂದು ಕೇಳುವ ಪ್ರತಿ ಸಲವೂ ಆ ಆಸ್ಪತ್ರೆ, ಆ ಸಂಬಳ, ಆ ರಾತ್ರಿ ಪಾಳಿ, ಹಾಸಿಗೆಯ ಪಕ್ಕ ನಿಂತಿರುವ ನಾವು ಅವಳಿಗೆ ಆಗಿಬರುತ್ತೇವೆಯೇ ಎಂದೂ ಕೇಳಬೇಕು. ಮೊದಲನೆಯದಕ್ಕೆ ಇಪ್ಪತ್ತು ಅಂಕ ಇಟ್ಟಾಗಿದೆ. ಎರಡನೆಯದಕ್ಕೆ ಇನ್ನೂ ಪ್ರಶ್ನೆಪತ್ರಿಕೆ ತಯಾರಾಗಿಲ್ಲ.